ಮೊಟ್ಟೆಯಿಲ್ಲದ ಮೇಯೊನೀಸ್: ಸಿಹಿಯೇ ಅದರ ದೋಷ

ರಾಯಚೂರಿನ ಅಂಗಡಿಗಳಲ್ಲಿ ಸಿಗುವ ಮೊಟ್ಟೆರಹಿತ ಮೇಯೊನೀಸ್ ನನ್ನ ನಾಲಿಗೆಗೆ ಒಗ್ಗಲಿಲ್ಲ. ಹುಳಿ ಮುಂದಿರಬೇಕಾದ ಕಡೆ ಸಕ್ಕರೆ ಮುಂದಿದೆ. ಅಸಲು ಮೇಯೊನೀಸ್ ಎಂದರೆ ಮೊಟ್ಟೆಯ ಹಳದಿಗೆ ಎಣ್ಣೆಯನ್ನು ಹನಿಹನಿಯಾಗಿ ಸೇರಿಸುತ್ತ ಕಡೆದು, ನಿಂಬೆರಸದಿಂದಲೋ ವಿನೆಗರ್‌ನಿಂದಲೋ ಹುಳಿ ಕೊಟ್ಟದ್ದು; ಹಳದಿಯಲ್ಲಿರುವ ಲೆಸಿಥಿನ್ ಎಣ್ಣೆ ಮತ್ತು ನೀರು ಬೇರ್ಪಡದಂತೆ ಹಿಡಿದಿಡುತ್ತದೆ. ಮೊಟ್ಟೆಯನ್ನು ಕೈಬಿಟ್ಟಾಗ ಆ ಕೆಲಸ ಸಾಮಾನ್ಯವಾಗಿ ಹಾಲಿನ ಪುಡಿ, ಪಿಷ್ಟ, ಕ್ಸಾಂಥನ್ ಗಮ್ ಎಂಬ ಮಂದಗೊಳಿಸುವ ಅಂಟು ಇವುಗಳ ಪಾಲಿಗೆ ಬರುತ್ತದೆ. ನಾನು ತಂದ ಪೊಟ್ಟಣದಲ್ಲಿದ್ದದ್ದು ಚಮಚಕ್ಕೆ ಗೋಂದಿನಂತೆ ಅಂಟಿಕೊಂಡಿತು. ಬಿಸಿ ಬ್ರೆಡ್ಡಿನ ಮೇಲೆ ಹಚ್ಚಿದರೆ ಹರಡದೆ, ಹೊಳೆಯುತ್ತ, ಹಚ್ಚಿದಲ್ಲೇ ಕುಳಿತಿತ್ತು.

ಹಾಗೆಂದು ಬಿಸಿಲಲ್ಲಿ ತೆರೆದಿಟ್ಟ ಹಸಿಮೊಟ್ಟೆಯ ಮೇಯೊನೀಸನ್ನು ನಾನು ಮುಟ್ಟುವುದಿಲ್ಲ. ಅದರಲ್ಲಿ ಸಾಲ್ಮೊನೆಲ್ಲಾ ಸೋಂಕಿನ ಅಪಾಯವಿದೆ, ಮತ್ತು ನೆರೆಯ ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ ಅದನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿದ್ದು ಸರಿಯಾದ ಕ್ರಮವೆಂದೇ ನನ್ನ ಅಭಿಪ್ರಾಯ.

ಮೊಟ್ಟೆರಹಿತ ಮೇಯೊನೀಸಿನಲ್ಲಿ ಸಾಸಿವೆ ಬೆರೆಸಿದ ಬಗೆ ಸೌತೆಕಾಯಿಯ ಸ್ಯಾಂಡ್‌ವಿಚ್‌ಗೆ ತಕ್ಕಮಟ್ಟಿಗೆ ನಡೆಯುತ್ತದೆ. ತಂದೂರಿ ರುಚಿಯದು ಬೇಡವೇ ಬೇಡ.

ಬ್ರೆಡ್ಡಿಗೆ ಹಚ್ಚಲು ನನಗೆ ರಂಜಕವೇ ಮೇಲು (ಮನೆಯ ಮಕ್ಕಳು ಇದನ್ನು ಒಪ್ಪುವುದಿಲ್ಲ). ಕೆಂಪು ಹಣ್ಣುಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ನಿಂಬೆರಸ ಹಾಕಿ ರುಬ್ಬಿದ ಅದನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿನೊಂದಿಗೆ ಕಲಸಿ, ಮೇಲೊಂದಿಷ್ಟು ಶೇಂಗಾ ಪುಡಿ ಉದುರಿಸಿದರೆ, ಮೇಯೊನೀಸಿನಿಂದ ನಾನು ಬಯಸುವ ನುಣುಪೂ ಹುಳಿಯೂ ಖಾರದ ಜೊತೆಗೇ ಸಿಗುತ್ತವೆ. ಮೊಸರು ಹುಳಿಯುವ ಮುನ್ನ, ಅಂದೇ ಅದನ್ನು ಮುಗಿಸಬೇಕು.