ಹಳೇ ಬ್ಯಾಟರಿಗೆ ಆಸಿಡ್ ಹಾಕಿಸಿಕೊಳ್ಳಬೇಡಿ

ಮೊದಲ ತಪ್ಪು ನನ್ನದೇ. ಕೊಡಗಿನ ನಾಪೋಕ್ಲು ಕಡೆ ನಮ್ಮ ತೋಟ. ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಗೆ ಜೀಪು ಶೆಡ್ ಬಿಟ್ಟು ಹೊರಡುವುದೇ ಅಪರೂಪ. ಬ್ಯಾಟರಿ ಇಳಿಯಬಾರದು ಅಂತ ಆಗಾಗ ಸೆಲ್ಫ್ ಹೊಡೆದು, ನಿಂತಲ್ಲೇ ಐದು ನಿಮಿಷ ಓಡಿಸಿ ಆಫ್ ಮಾಡುತ್ತಿದ್ದೆ. ಅಷ್ಟಕ್ಕೆಲ್ಲ ಬ್ಯಾಟರಿ ತುಂಬುವುದಿಲ್ಲ. ಅರ್ಧಂಬರ್ಧ ಚಾರ್ಜಿನಲ್ಲಿ ವಾರಗಟ್ಟಲೆ ಕೂತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಮುಚ್ಚಳ ಬಿಚ್ಚಿ ನೀರು ನೋಡಿದ್ದಂತೂ ಯಾವ ಕಾಲದಲ್ಲೋ.

ಕಕ್ಕಡ 18ರ ದಿನ ಮದ್ದುಸೊಪ್ಪಿನ ಪಾಯಸಕ್ಕೆ ನೆಂಟರ ಮನೆಗೆ ಹೊರಟರೆ ಬರೀ ಕಟ ಕಟ ಸದ್ದು. ಇಳಿಜಾರಿನಲ್ಲಿ ತಳ್ಳಿ, ಸೆಕೆಂಡ್ ಗೇರಿನಲ್ಲಿ ಎಬ್ಬಿಸಿ, ಪೇಟೆಯ ಒಂದು ಬ್ಯಾಟರಿ ಅಂಗಡಿಗೆ ಹೋದೆ. ಹುಡುಗ ಆರೂ ಮುಚ್ಚಳ ಬಿಚ್ಚಿದ. ಪ್ಲೇಟು ಒಣಗಿ ಕಾಣುತ್ತಿತ್ತು. ನೀಲಿ ಕ್ಯಾನು ಎತ್ತಿ ಸುರಿಯತೊಡಗಿದ.

"ಡಿಸ್ಟಿಲ್ಡ್ ವಾಟರಾ ಅದು?"

"ಅಲ್ಲಣ್ಣ, ಆಸಿಡ್. ನೀರು ಹಾಕಿದ್ರೆ ಪವರ್ ಬರಲ್ಲ."

ಒಂದು ಗಂಟೆ ಚಾರ್ಜಿಗಿಟ್ಟು ಹೈಡ್ರೋಮೀಟರ್ ಅದ್ದಿ ತೋರಿಸಿದ. ಒಳಗಿನ ತೇಲುಬುರುಡೆ ಹಸಿರು ಪಟ್ಟಿಗೆ ಬಂದು ನಿಂತಿತ್ತು. ಖುಷಿಯಿಂದ ದುಡ್ಡು ಕೊಟ್ಟು ಬಂದೆ.

ಮೋಸ ಹೋದದ್ದು ಅಲ್ಲೇ. ಹೈಡ್ರೋಮೀಟರ್ ಅಳೆಯುವುದು ದ್ರವದ ಸಾಂದ್ರತೆ, ಚಾರ್ಜನ್ನಲ್ಲ. ಒಳ್ಳೇ ಬ್ಯಾಟರಿ ಪೂರ್ತಿ ಚಾರ್ಜಾದಾಗ ಅದು ಸುಮಾರು 1.26ರಿಂದ 1.28 ತೋರಿಸುತ್ತದೆ. ಬ್ಯಾಟರಿ ಇಳಿದಾಗ ಆಸಿಡ್ಡಿನ ಅಂಶ ಪ್ಲೇಟಿಗೆ ಹೋಗಿ ಕೂತಿರುತ್ತದೆ, ಚಾರ್ಜ್ ಮಾಡಿದರೆ ವಾಪಸ್ ಬರುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ. ಮೇಲಿಂದ ಆಸಿಡ್ ಸುರಿದರೆ ಚಾರ್ಜಿಲ್ಲದಿದ್ದರೂ ಹಸಿರು ಬರುತ್ತದೆ, ಒಳಗೆ ಪ್ಲೇಟು ಸವೆಯುತ್ತದೆ. ಒಣಗಿಸಿ ಬಂದ ಹೊಸ ಬ್ಯಾಟರಿಗೆ ಮೊದಲ ಸಲ ತುಂಬುವುದು ಆಸಿಡ್ಡೇ, ಹುಡುಗನಿಗೆ ಆ ಅಭ್ಯಾಸವೋ ಏನೋ.

ಹತ್ತು ದಿನವೂ ಆಗಲಿಲ್ಲ. ಮಡಿಕೇರಿಯಿಂದ ಬರುವಾಗ ಕೊಳೆತ ಮೊಟ್ಟೆಯ ವಾಸನೆ. ಬಾನೆಟ್ ಎತ್ತಿದರೆ ಬ್ಯಾಟರಿ ಮುಟ್ಟಲಾಗದಷ್ಟು ಬಿಸಿ, ಪಕ್ಕ ಉಬ್ಬಿದೆ, ಟ್ರೇ ತುಂಬ ಆಸಿಡ್. ಅಡುಗೆ ಸೋಡಾ ನೀರಿನಲ್ಲಿ ಟ್ರೇ ತೊಳೆದೆವು. ನನ್ನ ಪ್ಯಾಂಟು ಅವತ್ತು ಚೆನ್ನಾಗೇ ಇತ್ತು, ಒಗೆದು ಹಾಕಿದಾಗ ತೊಡೆಯ ಮೇಲೆ ಜರಡಿ. ಅಂಗಡಿಗೆ ಹೋಗಿ ಕೇಳಿದರೆ "ಹಳೇದಲ್ವಾ ಅಣ್ಣ, ಹೊಸದು ಹಾಕಿಸಿ" ಅಂದ. ಹಾಕಿಸಿದೆ, ಬೇರೆ ಕಡೆ.

ಈಗ ಜೀಪು ವಾರಕ್ಕಿಂತ ಹೆಚ್ಚು ನಿಲ್ಲುವುದಾದರೆ ಮೈನಸ್ ವೈರ್ ಬಿಚ್ಚಿಡುತ್ತೇನೆ. ಮೀಟರಿನಲ್ಲಿ ನೋಡುತ್ತೇನೆ: ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ಇದ್ದರೆ ಸರಿ, 12.4ಕ್ಕಿಂತ ಇಳಿದರೆ ಚಾರ್ಜರಿಗೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಹತ್ತಿರ ಬೀಡಿ ಹಚ್ಚಬೇಡಿ. ನೀರು ಕಮ್ಮಿಯಿದ್ದರೆ ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ಗುರುತಿನವರೆಗೆ ತುಂಬುವುದು ಚಾರ್ಜ್ ಮುಗಿದ ಮೇಲೆ. ಅಂಗಡಿಯಲ್ಲಿ ಮಾಡಿಸುವುದಾದರೆ ಸೀಲ್ ಇರುವ ಬಾಟಲಿಯನ್ನು ನೀವೇ ಒಯ್ಯಿರಿ, ಸುರಿದು ಮುಗಿಯುವವರೆಗೆ ಕಾಫಿ ಕುಡಿಯಲು ಆಚೆ ಹೋಗಬೇಡಿ.