ಪಿವಿಸಿ ಹಾವಿನ ಗೂಡು: ಹಲವು ಚಳಿಗಾಲಗಳನ್ನು ಕಂಡ ಮೇಲೆ

ಪೆಟ್ಟಿಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಹಗುರವಾದ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಹಲಗೆಗಳು, ಮುಂದೆ ಜಾರುವ ಎರಡು ಗಾಜಿನ ಬಾಗಿಲು. ಒಳಗಿರುವುದು ಪಶ್ಚಿಮ ಆಫ್ರಿಕಾ ಮೂಲದ ಗಿಡ್ಡ ಹೆಬ್ಬಾವು, ಬಾಲ್ ಪೈಥಾನ್. ಹೊರಗಿರುವುದು ಅಮೆರಿಕದ ಮಿನೆಸೋಟ ರಾಜ್ಯ. ಇಲ್ಲಿ ಜನವರಿಯಲ್ಲಿ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಆದರೆ ಯಾರೂ ಅದನ್ನು ಸುದ್ದಿಯೆಂದು ಹೇಳುವುದಿಲ್ಲ.

ಮೊದಲು ಇದ್ದದ್ದು ಜಾಲರಿ ಮುಚ್ಚಳದ ಗಾಜಿನ ತೊಟ್ಟಿ. ಮನೆಯ ಹೀಟಿಂಗ್ ಶುರುವಾದರೆ ಒಳಗಿನ ಬಿಸಿಯೂ ತೇವವೂ ಆ ಜಾಲರಿಯಿಂದಲೇ ಹಾರಿ ಹೋಗುತ್ತಿದ್ದವು. ಎಷ್ಟು ನೀರು ಚಿಮುಕಿಸಿದರೂ ತೇವಾಂಶ ಶೇ. 60ರ ಹತ್ತಿರ ನಿಲ್ಲುತ್ತಿರಲಿಲ್ಲ. ಪೊರೆ ಚೂರು ಚೂರಾಗಿ ಕಳಚುತ್ತಿತ್ತು. ಪಿವಿಸಿಗೆ ಬಂದ ಮೇಲೆ ಮೂತಿಯಿಂದ ಬಾಲದ ತುದಿಯವರೆಗೆ, ತಿರುವಿ ತೆಗೆದ ಕಾಲುಚೀಲದಂತೆ, ಒಂದೇ ಪೊರೆ ಸಿಗುತ್ತಿದೆ. ಬೆಳಕಿಗೆ ಹಿಡಿದು ನೋಡಿದರೆ ಕಣ್ಣಿನ ಮೇಲಿನ ಎರಡು ಪಾರದರ್ಶಕ ಪದರಗಳೂ ಅದರಲ್ಲೇ ಇರುತ್ತವೆ. ಈ ಒಂದು ಕಾರಣಕ್ಕೇ ಪೆಟ್ಟಿಗೆಗೆ ಕೊಟ್ಟ ಹಣ ದಂಡವಾಗಲಿಲ್ಲ ಎನ್ನುತ್ತೇನೆ.

ಆದರೆ ಬಿಸಿಯನ್ನು ಹಿಡಿದಿಡುವ ಈ ಗುಣವೇ ಅಪಾಯಕ್ಕೂ ದಾರಿ. ಗಾಜಿನ ತೊಟ್ಟಿಗೆ ಸಾಲದೆ ಬರುತ್ತಿದ್ದ ಹೀಟರ್ ಇಲ್ಲಿ ಹೆಚ್ಚಾಗಬಹುದು. ಪಿವಿಸಿ ಹಲಗೆ 60 ಡಿಗ್ರಿ ದಾಟಿದ ಮೇಲೆ ಮೆತ್ತಗಾಗಿ ಬಾಗತೊಡಗುತ್ತದೆ. ಸೆರಾಮಿಕ್ ಹೀಟರಿನ ಮೈ 200 ಡಿಗ್ರಿಯನ್ನೂ ಮೀರುತ್ತದೆ. ಅದನ್ನೇ ಬಳಸುವುದಾದರೆ ಪಿಂಗಾಣಿ ಹೋಲ್ಡರ್ ಇರಲಿ, ಚಾವಣಿಯಿಂದಲೂ ಗೋಡೆಯಿಂದಲೂ ಸಾಕಷ್ಟು ದೂರ ಇರಲಿ, ಸುತ್ತ ತಂತಿಯ ಗೂಡು ಇರಲೇಬೇಕು. ಹಾವು ಬಿಸಿ ವಸ್ತುವಿಗೆ ಸುತ್ತಿಕೊಂಡರೆ ಚರ್ಮ ಸುಡುವವರೆಗೂ ಅಲ್ಲೇ ಇದ್ದುಬಿಡಬಹುದು. ನಾನು ಆರಿಸಿಕೊಂಡದ್ದು ಚಾವಣಿಗೆ ಚಪ್ಪಟೆಯಾಗಿ ಕೂರುವ 80 ವಾಟ್ ರೇಡಿಯಂಟ್ ಪ್ಯಾನೆಲ್, ಅಂದರೆ ಕೆಳಮುಖವಾಗಿ ಶಾಖ ಬೀರುವ ಫಲಕ. ಅದಕ್ಕೆ ಹಾವು ಸುತ್ತಿಕೊಳ್ಳಲಾಗದು, ಮೈಯೂ ಅಷ್ಟು ಕಾಯುವುದಿಲ್ಲ. ಕೆಳಗೆ ಅಂಟಿಸುವ ಹೀಟ್ ಮ್ಯಾಟ್ ಈ ಪೆಟ್ಟಿಗೆಗೆ ಬೇಡ: ದಪ್ಪ ತಳ ಶಾಖವನ್ನು ಮೇಲೆ ಬಿಡದೆ ಮೇಜಿನ ಕಡೆಗೇ ತಳ್ಳುತ್ತದೆ.

ಪೆಟ್ಟಿಗೆಯಲ್ಲಿ ಬೇಕಾದರೆ ಜಿಪುಣತನ ಮಾಡಿ, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟ್ಯಾಟಿನಲ್ಲಿ ಮಾತ್ರ ಬೇಡ. ನನ್ನದು ವಿದ್ಯುತ್ತನ್ನು ಏರಿಸಿ ಇಳಿಸಿ ಕೊಡುವ ಬಗೆಯದು. ಪ್ಯಾನೆಲ್ ಬಹುಪಾಲು ಸಮಯ ಅರೆಶಕ್ತಿಯಲ್ಲೇ ಇರುತ್ತದೆ. ಬೆಚ್ಚಗಿನ ತುದಿಯಲ್ಲಿ 31–32 ಡಿಗ್ರಿ, ತಂಪಿನ ತುದಿಯಲ್ಲಿ 25–26. ಬಿಸಿ ಅಳೆಯುವ ಅದರ ತಂತಿಯ ತುದಿ, ಅಂದರೆ ಪ್ರೋಬ್, ಎಲ್ಲಿದೆ ಎಂಬುದೇ ಇಲ್ಲಿ ಮುಖ್ಯ. ಹಾವು ರಾತ್ರಿ ತಿರುಗಾಡುವ ಪ್ರಾಣಿ, ತಂತಿ ಸಿಕ್ಕರೆ ಎಳೆದಾಡುತ್ತದೆ. ಪ್ರೋಬ್ ತಂಪಿನ ಕಡೆಗೆ ಸರಿದರೆ ಥರ್ಮೋಸ್ಟ್ಯಾಟ್ ಪೆಟ್ಟಿಗೆಯೆಲ್ಲ ತಣ್ಣಗಿದೆ ಎಂದು ತಿಳಿದು ಪೂರ್ತಿ ಶಕ್ತಿ ಕೊಡುತ್ತದೆ. ಟೇಪ್ ಹಚ್ಚಬೇಡಿ, ಅದರ ಅಂಟು ಹೊಟ್ಟೆಯ ಹುರುಪೆಗಳನ್ನು ಕಿತ್ತುಬಿಡುತ್ತದೆ. ಸ್ಕ್ರೂ ಹಾಕುವ ಕ್ಲಿಪ್ಪುಗಳಿಂದ ತಂತಿಯನ್ನು ಗೋಡೆಗೆ ಬಿಗಿಯಿರಿ. ಥರ್ಮೋಸ್ಟ್ಯಾಟ್ ತೋರಿಸುವ ಅಂಕಿಯನ್ನೂ ಪೂರ್ತಿ ನಂಬಬೇಡಿ. ಬೇರೊಂದು ಥರ್ಮಾಮೀಟರ್ ಒಳಗಿರಲಿ, ವಾರಕ್ಕೊಮ್ಮೆ ಮುಟ್ಟದೆಯೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದು ಪ್ಯಾನೆಲ್ ಸುತ್ತಲಿನ ಹಲಗೆಯನ್ನೂ ನೋಡಿ.

ದೂರುಗಳೂ ಇವೆ. ಹೊಸ ಪೆಟ್ಟಿಗೆಯ ವಾಸನೆ ಹೋಗಲು ಬಾಗಿಲು ತೆರೆದು ಹಲವು ದಿನ ಗಾಳಿಗೆ ಬಿಡಬೇಕಾಯಿತು. ಬಾಗಿಲು ಜಾರುವ ಕೆಳಗಿನ ಸೀಳಿನಲ್ಲಿ ನೀರೂ ತೆಂಗಿನ ನಾರಿನ ಪುಡಿಯೂ ಸೇರಿ ಕೆಸರಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಎರಡನೆಯ ಚಳಿಗಾಲಕ್ಕೆ ಮೇಲಿನ ಹಲಗೆ ನಡುವೆ ತುಸು ತಗ್ಗಿ ಗಾಜು ಬಿಗಿಯಾಯಿತು. ತಯಾರಕರಿಗೆ ಫೋಟೊ ಕಳಿಸಿದೆ. ಸಹಜ ಹಿಗ್ಗುವಿಕೆ ಎಂಬ ಎರಡು ಸಾಲಿನ ಉತ್ತರ ಬಂತು. ಅಡ್ಡಪಟ್ಟಿ ಹಾಕಿಸಿದ ಮೇಲೆ ಸರಿಯಾಗಿದೆ. ಈಗ ಕೊಳ್ಳುವವರು ಮೇಲ್ಭಾಗಕ್ಕೆ ಆಧಾರಪಟ್ಟಿ ಇದೆಯೇ ಎಂದು ಮೊದಲೇ ಕೇಳಲಿ. ಸ್ಕ್ರೂಗಳನ್ನು ಪದೇ ಪದೇ ಬಿಚ್ಚಿ ಹಾಕಬೇಡಿ, ಈ ಹಲಗೆಯಲ್ಲಿ ಸ್ಕ್ರೂ ಕಚ್ಚುವ ತೂತು ಬೇಗ ಸವೆದು ಹಿಡಿತ ಹೋಗುತ್ತದೆ.

ಬಿಸಿಲು ಕಾಯಿಸಿಕೊಳ್ಳುವ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ ಸಾಕುವವರಿಗೆ ಇದನ್ನೇ ಕೊಳ್ಳಿ ಎನ್ನಲಾರೆ. ಅದಕ್ಕೆ 40 ಡಿಗ್ರಿಯ ಜಾಗ ಬೇಕು, ಒಣ ಗಾಳಿ ಬೇಕು, ದೊಡ್ಡ ಕಿಂಡಿಗಳು ಬೇಕು. ಅತಿನೇರಳೆ ಕಿರಣ ಕೊಡುವ ಯುವಿಬಿ ಟ್ಯೂಬ್ ಒಳಗೇ ಇರಬೇಕು, ಗಾಜಿನ ಮೂಲಕ ಆ ಕಿರಣ ಬರುವುದಿಲ್ಲ.

ಬೆಂಗಳೂರಿನಿಂದ ವಿಚಾರಿಸುವ ನಂಟರಿಗೆ ಎರಡು ಮಾತು. ನಮ್ಮ ನಾಡಿನ ಹಾವು, ನಕ್ಷತ್ರ ಆಮೆಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಬಾಲ್ ಪೈಥಾನಿನಂಥ ವಿದೇಶಿ ಜೀವಿಗಳನ್ನೂ 2024ರ ನಿಯಮದಂತೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಇನ್ನು, ಇಲ್ಲಿಂದ ಹೀಟರ್ ತರಿಸಿಕೊಳ್ಳುವ ಯೋಚನೆ ಬಿಡಿ. ಇಲ್ಲಿಯದು 120 ವೋಲ್ಟಿನದು. ಅಲ್ಲಿನ 230 ವೋಲ್ಟಿಗೆ ಸಿಕ್ಕಿಸಿದರೆ ಮೂರೂವರೆ ಪಟ್ಟಿಗೂ ಹೆಚ್ಚು ಶಕ್ತಿ ಹರಿಯುತ್ತದೆ, ಬರಿಯ ಪ್ಲಗ್ ಅಡಾಪ್ಟರ್ ಅದನ್ನು ತಡೆಯುವುದಿಲ್ಲ.