ಕಪ್ಪು ಸ್ಲೀವ್ ಹಾಕಿದ 'ಲೇಸರ್ ಡ್ರೈವರ್' ಕೊಳ್ಳಬೇಡಿ, ನಾನು ಕೊಂಡು ಕೆಟ್ಟೆ

ಮೊದಲೇ ಹೇಳಿಬಿಡುತ್ತೇನೆ, ನಾನು ಡಿಪ್ಲೊಮಾದಲ್ಲಿ ಎಲೆಕ್ಟ್ರಾನಿಕ್ಸ್ ಓದಿದವನು. ಅದಕ್ಕೇ ಇದನ್ನು ಬರೆಯೋಕೆ ಇಷ್ಟು ನಾಚಿಕೆ.

ಹಳೇ ಡಿವಿಡಿ ರೈಟರ್ ಬಿಚ್ಚಿ ಕೆಂಪು ಲೇಸರ್ ಡಯೋಡ್ ತೆಗೆದಿದ್ದೆ. ಸ್ಟ್ಯಾಟಿಕ್ ತಾಗದ ಹಾಗೆ ಕಾಲುಗಳಿಗೆ ತೆಳು ತಂತಿ ಸುತ್ತಿ, ಎರಡು ಸಂಜೆ ಕೂತು ಜೋಪಾನವಾಗಿ ತೆಗೆದದ್ದು. ಟಾರ್ಚ್ ಬಾಡಿಯೊಳಗೆ ಕೂರಿಸಬೇಕು ಅಂತ ಆಸೆ. ಇನ್ನು ಬೇಕಿದ್ದದ್ದು 200 ಮಿಲಿಆಂಪಿಯರ್ ಕೊಡುವ ಡ್ರೈವರ್ (ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಬೋರ್ಡ್), ಎರಡು 18650 ಸೆಲ್ (ರೀಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ). ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ.

"ಲೇಸರ್‌ಗೇ ಅಂತ ಸ್ಪೆಷಲ್ ಬಂದಿದೆ ಸಾರ್" ಅಂತ ಅಂಗಡಿಯವನು ಕಪ್ಪು ಸ್ಲೀವ್ (ಪ್ಲಾಸ್ಟಿಕ್ ಕವಚ) ಬಿಗಿದ ಪುಟ್ಟ ಬೋರ್ಡ್ ಕೊಟ್ಟ. 450 ರೂಪಾಯಿ. ಕರೆಂಟ್ ಸೆಟ್ ಮಾಡಿಕೊಡಿ ಅಂದೆ. ಸ್ಕ್ರೂ ತಿರುಗಿಸಿ ಮೀಟರ್ ತೋರಿಸಿದ. 3.0 ಅಂತಿತ್ತು. ನಾನು ತಲೆ ಆಡಿಸಿದೆ. ಅಯ್ಯೋ, 3.0 ಅಂದರೆ ವೋಲ್ಟು! ನಾನು ಕೇಳಿದ್ದು ಮಿಲಿಆಂಪಿಯರ್! ಕಣ್ಣೆದುರಿಗೇ ಇತ್ತು, ತಲೆ ಆಡಿಸಿದೆ.

ಸೆಲ್ ಮೇಲೆ 9900 ಎಂಎಎಚ್ ಅಂತ ಬರೆದಿತ್ತು. 18650ರಲ್ಲಿ ಒಳ್ಳೇ ಕಂಪನಿಯ ಸೆಲ್ಲೇ 3500ರ ಆಸುಪಾಸು. ಇದು ನನಗೆ ಗೊತ್ತು. ಗೊತ್ತಿದ್ದೂ ಕೊಂಡೆ. ಕಣ್ಣಿಗೆ ಲೇಸರ್ ಕನ್ನಡಕ ಇದೆಯಾ ಅಂದರೆ "ಕೂಲಿಂಗ್ ಗ್ಲಾಸ್ ಸಾಕು ಸಾರ್" ಅಂದ. ಅಲ್ಲೇ ಎದ್ದು ಬರಬೇಕಿತ್ತು.

ಮನೆಯಲ್ಲಿ ಜೋಡಿಸಿದೆ. ಗೋಡೆ ಮೇಲೆ ಕೆಂಪು ಚುಕ್ಕೆ, ಏನು ಬೆಳಕು! ನಾಲ್ಕೈದು ಸೆಕೆಂಡ್ ಅಷ್ಟೆ. ಆಮೇಲೆ ಮಂಕು. ಈಗ ಆ ಡಯೋಡ್ ಹತ್ತು ಪೈಸೆಯ ಎಲ್ಇಡಿ ಥರ ಮಿಣಮಿಣ ಅನ್ನುತ್ತೆ.

ಬ್ಲೇಡ್ ತಗೊಂಡು ಸ್ಲೀವ್ ಸೀಳಿದೆ. ಒಳಗೆ ಎಂಪಿ 1584 ಬೋರ್ಡ್. ವೋಲ್ಟೇಜ್ ಇಳಿಸುವ ಮಾಮೂಲಿ ಬಕ್ ಮಾಡ್ಯೂಲ್. ಡ್ರಾಯರ್ ಎಳೆದು ನೋಡಿದೆ. ಅದೇ ಬೋರ್ಡ್, ಅದೇ ನಂಬರ್, ಹೋದ ವರ್ಷ 60 ರೂಪಾಯಿಗೆ ನಾನೇ ತಂದಿಟ್ಟದ್ದು! ಅದಕ್ಕೊಂದು ಕರಿ ಚೀಲ ತೊಡಿಸಿ 450. ಸುಮಾರು ಹೊತ್ತು ಎರಡನ್ನೂ ಅಂಗೈಯಲ್ಲಿ ಹಿಡಿದು ಸುಮ್ನೆ ಕೂತಿದ್ದೆ.

ಇದು ವೋಲ್ಟೇಜನ್ನು ಹಿಡಿದಿಡುತ್ತೆ, ಕರೆಂಟನ್ನಲ್ಲ. ಲೇಸರ್ ಡಯೋಡ್ ಬಿಸಿಯಾದಂತೆ ಅದೇ ವೋಲ್ಟೇಜಿಗೆ ಜಾಸ್ತಿ ಕರೆಂಟ್ ಎಳೆಯುತ್ತೆ, ಮತ್ತೂ ಬಿಸಿಯಾಗುತ್ತೆ, ಸಾಯುತ್ತೆ. ಆಮೇಲೆ ಪರೀಕ್ಷೆ ಮಾಡಿದೆ (ಮೊದಲೇ ಮಾಡಬೇಕಿತ್ತು, ಬಯ್ಯಬೇಡಿ). ಆ ಬೋರ್ಡಿಗೆ ಲೇಸರ್ ಬದಲು ನಾಲ್ಕು 1ಎನ್4007 ಅನ್ನೋ ಮಾಮೂಲಿ ಡಯೋಡ್ ಸಾಲಾಗಿ, ಜೊತೆಗೆ 1 ಓಮ್ ರೆಸಿಸ್ಟರ್. ರೆಸಿಸ್ಟರ್ ಮೇಲೆ ಎಷ್ಟು ಮಿಲಿವೋಲ್ಟೋ ಅಷ್ಟು ಮಿಲಿಆಂಪಿಯರ್. 80ರ ಹತ್ತಿರ ಇತ್ತು. ಒಂದು ಡಯೋಡ್ ತೆಗೆದೆ, 400 ದಾಟಿತು. ನಿಜವಾದ ಡ್ರೈವರ್ ಆಗಿದ್ದರೆ ಕರೆಂಟ್ ಕದಲಬಾರದು.

ಸೆಲ್ಲನ್ನು ಅಡುಗೆಮನೆ ತಕ್ಕಡಿಗೆ ಹಾಕಿದೆ. 29 ಗ್ರಾಂ. ಅಸಲಿ 45 ಗ್ರಾಂ ಮೇಲಿರುತ್ತೆ.

ಅಂಗಡಿಯವನಿಗೆ ವಾಟ್ಸಾಪಲ್ಲಿ ಇದೆಲ್ಲ ಫೋಟೋ ಸಮೇತ ಕಳಿಸಿದೆ.
"ಟೆಸ್ಟ್ ಮಾಡಿ ಕೊಟ್ಟಿದೀನಿ ಸಾರ್."
ರೀ, ನೀವು ಅಳೆದದ್ದು ವೋಲ್ಟೇಜ್ ಅಲ್ವಾ?
"ನಿಮ್ಮ ಡಯೋಡೇ ವೀಕ್ ಇರಬೇಕು."
9900 ಅಂತ ಇದೆಯಲ್ಲ?
"ಅದು ಚೈನಾ ರೇಟಿಂಗ್ ಸಾರ್, ಎಲ್ಲರೂ ತಗೋತಾರೆ."
ದುಡ್ಡು ವಾಪಸ್ ಕೊಡ್ರಿ ಅಂದೆ. ಕೈ ಮುಗಿಯೋ ಎಮೋಜಿ ಬಂತು. ಅಷ್ಟೇ.

ಸ್ಲೀವ್ ಹಾಕಿದ ಬೋರ್ಡ್ ಮುಟ್ಟಬೇಡಿ, ಚಿಪ್ ನಂಬರ್ ಕಾಣಲೇಬೇಕು. ಅಂಥದ್ದು ಸಿಗಲ್ಲ ಅಂದರೆ ಎಲ್‌ಎಂ 317 ಅನ್ನೋ ರೆಗ್ಯುಲೇಟರ್ ಚಿಪ್ ಹಾಕಿ ಡ್ರೈವರ್ ನೀವೇ ಮಾಡಿ: 1.25ನ್ನು ರೆಸಿಸ್ಟರ್ ಓಮ್‌ನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತೆ. 6.2 ಓಮ್ ಇಟ್ಟರೆ 200 ಮಿಲಿಆಂಪಿಯರ್. ಡಯೋಡ್ ಹಾಕುವ ಮುಂಚೆ ಔಟ್‌ಪುಟ್ ಕೆಪಾಸಿಟರ್ ಖಾಲಿ ಮಾಡಿ. ಸೆಲ್ ತೂಗಿಯೇ ತಗೊಳ್ಳಿ, ಅಂಗಡಿಯವನು ನಕ್ಕರೆ ನಗಲಿ. ಕನ್ನಡಕ ಲೇಸರ್‌ನ ತರಂಗಾಂತರಕ್ಕೆ ಹೊಂದುವಂಥದ್ದೇ ಬೇಕು, ಕೂಲಿಂಗ್ ಗ್ಲಾಸ್ ಅಲ್ಲ.

ನಿನ್ನೆ ಅದೇ ನಂಬರಿಂದ ಮೆಸೇಜು. "ಹೊಸ ಸ್ಟಾಕ್ ಬಂದಿದೆ ಸಾರ್." ಫೋಟೋದಲ್ಲಿ ಅದೇ ಕಪ್ಪು ಸ್ಲೀವ್. ಈಗ 550.